ಬೈಕಿನ ಮುಂದಿನ ಬ್ರೇಕಿನ ಏರ್ ತೆಗೆಯಲು ನಾಲ್ಕು ದಾರಿ: ಮಾಡಿ ನೋಡಿದ ಹೋಲಿಕೆ

ಬೈಕಿನ ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಬಿಚ್ಚಿ ತೊಳೆದು ಸೀಲ್ ಬದಲಿಸಿದ್ದೀರಿ. ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್ ಹಾಕಿದ್ದೀರಿ. ಎಲ್ಲಾ ಜೋಡಿಸಿ, ಹೊಸ ಬ್ರೇಕ್ ಆಯಿಲ್ ಹೊಯ್ದು ಲಿವರ್ ಒತ್ತಿದರೆ ಅದು ಸಲೀಸಾಗಿ ಹ್ಯಾಂಡಲ್ ತನಕ ಬಂದುಬಿಡುತ್ತದೆ. ಹತ್ತು ಸಲ ಒತ್ತಿದರೂ ಅಷ್ಟೇ. ಮನೆಯಲ್ಲೇ ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಿಟ್ ಸರಿ ಇಲ್ಲ ಅಂದುಕೊಂಡು ಮತ್ತೆ ಎಲ್ಲಾ ಬಿಚ್ಚಲು ಹೋಗಬೇಡಿ. ಬಹಳಷ್ಟು ಸಲ ಅದು ಬರೀ ಏರ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ.

ಏರ್ ತೆಗೆಯಲು ನಾಲ್ಕು ದಾರಿಗಳನ್ನು ನಾನು ಮಾಡಿ ನೋಡಿದ್ದೇನೆ. ಗಾಡಿ 150 ಸಿಸಿಯ ಹಳೆಯದು, ಮುಂದೆ ಒಂದೇ ಡಿಸ್ಕ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಗಾಡಿಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. ಇಲ್ಲಿ ಹೇಳುವುದೆಲ್ಲ ಅಂಥ ಗಾಡಿಗಳಿಗೆ. ಎಬಿಎಸ್ ಇದ್ದರೆ ಅದರ ಪಂಪಿನೊಳಗೂ ಏರ್ ಸೇರಿಕೊಳ್ಳಬಹುದು. ಅದನ್ನು ತೆಗೆಯಲು ಕೆಲವು ಗಾಡಿಗಳಿಗೆ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬೇಕೇ ಬೇಕು.

ಮೊದಲನೆಯದು ಎಲ್ಲ ಗ್ಯಾರೇಜುಗಳಲ್ಲಿ ನೋಡುವ ದಾರಿ. ಲಿವರ್ ಒತ್ತಿ ಹಿಡಿಯುವುದು, ಕೆಳಗೆ ಕ್ಯಾಲಿಪರಿನ ನಿಪ್ಪಲ್ (ಏರ್, ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಸಡಿಲ ಮಾಡುವುದು, ಆಯಿಲ್ ಚಿಮ್ಮಿದ ಕೂಡಲೇ ಬಿಗಿ ಮಾಡುವುದು, ಆಮೇಲೆ ಲಿವರ್ ಬಿಡುವುದು. ಇಬ್ಬರಿದ್ದರೆ ಸುಲಭ. ನನ್ನ ಜೊತೆ ಅಕ್ಕನ ಮಗ ಕೂತಿದ್ದ. ನಾನು ಸ್ಪ್ಯಾನರ್ ಹಿಡಿದು ಕೆಳಗೆ, ಅವನು ಲಿವರ್ ಹಿಡಿದು ಮೇಲೆ.

"ಬಿಡ್ಲಾ ಮಾಮ?"

"ಇರೋ, ಇನ್ನೂ ಟೈಟ್ ಮಾಡಿಲ್ಲ. ಒತ್ತಿ ಹಿಡ್ಕೋ."

ಈ ಮಾತು ಮುಖ್ಯ. ನಿಪ್ಪಲ್ ಸಡಿಲ ಇರುವಾಗ ಲಿವರ್ ಬಿಟ್ಟರೆ ಏರ್ ಹೊರಗಿನಿಂದ ವಾಪಸ್ ಒಳಗೆ ಎಳೆದುಕೊಳ್ಳುತ್ತದೆ, ಮಾಡಿದ ಕೆಲಸವೆಲ್ಲ ದಂಡ.

ಆಯಿಲ್ ಬದಲಿಸಲು ಮಾತ್ರ ಆದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಲೈನ್ ತುಂಬಿಯೇ ಇರುತ್ತದೆ, ಹಳೆಯದನ್ನು ಹೊಸದು ತಳ್ಳಿಕೊಂಡು ಹೋಗುತ್ತದೆ. ಆದರೆ ಪೂರ್ತಿ ಬಿಚ್ಚಿ ಒಣಗಿಸಿದ ಬ್ರೇಕಿಗೆ ಇದು ತುಂಬಾ ಸತಾಯಿಸುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಸಣ್ಣ ಗಾಡಿಯ ಮಾಸ್ಟರ್ ಸಿಲಿಂಡರ್ ಒಂದು ಸಲ ಒತ್ತಿದರೆ ತಳ್ಳುವುದು ಹೆಚ್ಚುಕಡಿಮೆ ಒಂದು ಎಂಎಲ್ ಆಯಿಲ್. ಮೂರು ಮಿಲಿಮೀಟರ್ ಒಳಗಾತ್ರದ ಹೋಸಿನಲ್ಲಿ ಅದು ಒಂದು ಗೇಣಿಗಿಂತ ಕಡಿಮೆ ದೂರ ಇಳಿಯುತ್ತದೆ. ಗುಳ್ಳೆಗೆ ಬೇಕಿರುವುದು ಮೇಲೆ ಹೋಗುವುದು, ನಾವು ತಳ್ಳುತ್ತಿರುವುದು ಕೆಳಗೆ. ಲಿವರ್ ಬಿಟ್ಟು ಇನ್ನೊಂದು ಸಲ ಒತ್ತುವಷ್ಟರಲ್ಲಿ ಅದು ಮತ್ತೆ ಮೇಲೇರಿ ಕೂತಿರುತ್ತದೆ. ಒಳಗೆ ಪೂರ್ತಿ ಏರೇ ಇದ್ದರೆ ಇನ್ನೂ ಕಷ್ಟ. ಏರ್ ಕುಗ್ಗುತ್ತದೆ, ಹಿಗ್ಗುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ.

ಎರಡನೆಯದು ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್. ಕೆಳಗಿನ ನಿಪ್ಪಲಿಗೆ ಹಾಕಿ ಆಯಿಲನ್ನು ಎಳೆಯುತ್ತದೆ. ಒಬ್ಬರೇ ಮಾಡಬಹುದು, ಒಣ ಲೈನ್ ಬೇಗ ತುಂಬುತ್ತದೆ. ಇದರ ತೊಂದರೆ ಏನೆಂದರೆ ಪೈಪಿನಲ್ಲಿ ಗುಳ್ಳೆ ಬರುವುದು ನಿಲ್ಲುವುದೇ ಇಲ್ಲ. ನಿಪ್ಪಲ್ ಸಡಿಲ ಮಾಡಿದಾಗ ಅದರ ಮರೆಯ (ಥ್ರೆಡ್‌ನ) ಸಂದಿನಿಂದಲೂ ಪಂಪ್ ಏರ್ ಎಳೆಯುತ್ತದೆ. ಕಾಣುವ ಗುಳ್ಳೆ ಬ್ರೇಕಿನ ಒಳಗಿನದಾ, ಮರೆಯಿಂದ ಬಂದಿದ್ದಾ ಗೊತ್ತಾಗುವುದಿಲ್ಲ. ಮರೆಗೆ ಟೆಫ್ಲಾನ್ ಟೇಪ್ ಸುತ್ತಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾಲ್ಕರಲ್ಲಿ ದುಡ್ಡು ಜಾಸ್ತಿ ಕೇಳುವುದೂ ಇದೇ. ಒಂದು ಗಾಡಿ ಇಟ್ಟುಕೊಂಡವರು ಇದನ್ನು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಮೂರನೆಯದು ಸಿರಿಂಜ್. ನನ್ನ ಓಟು ಇದಕ್ಕೆ. ಮೆಡಿಕಲ್ ಶಾಪಿನಲ್ಲಿ ಸಿಗುವ 50 ಎಂಎಲ್ ಸಿರಿಂಜ್, ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಒಂದು ಮೊಳ, ಪೈಪಿನ ಎರಡೂ ತುದಿಗೆ ಬಿಗಿಯಲು ಸಣ್ಣ ತಂತಿ. ಇಷ್ಟೇ ಸಾಮಾನು. ಸಿರಿಂಜಿಗೆ ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಎಳೆದು, ಪೈಪಿನಲ್ಲಿರುವ ಏರನ್ನು ಮೊದಲು ಹೊರಗೆ ತಳ್ಳಿ, ಆಮೇಲೆ ನಿಪ್ಪಲಿಗೆ ಹಾಕಬೇಕು. ನಿಪ್ಪಲ್ ಅರ್ಧ ಸುತ್ತು ಸಡಿಲ ಮಾಡಿ ನಿಧಾನಕ್ಕೆ ಒತ್ತುತ್ತಾ ಹೋಗಬೇಕು. ಆಯಿಲ್ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಗುಳ್ಳೆಯೂ ಅದೇ ದಿಕ್ಕಿಗೆ ಹೋಗುತ್ತದೆ.

ಮೇಲೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡುತ್ತಾ ಇರಿ. ತಳದಲ್ಲಿ ಎರಡು ತೂತು ಕಾಣುತ್ತವೆ, ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು. ಆ ಸಣ್ಣ ತೂತಿನಿಂದ ಮೊದಲು ಬರೀ ಏರ್ ಬುಸುಗುಡುತ್ತದೆ. ಆಮೇಲೆ ನೊರೆ, ಆಮೇಲೆ ಬಿಡಿಬಿಡಿ ಗುಳ್ಳೆ, ಕೊನೆಗೆ ತಿಳಿ ಆಯಿಲ್ ಸಣ್ಣಗೆ ಉಕ್ಕುತ್ತದೆ. ಅದನ್ನು ಕಣ್ಣಾರೆ ನೋಡಿದರೆ ಕೆಲಸ ಎಲ್ಲಿಗೆ ಬಂತು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಎಷ್ಟು ಒತ್ತಿದರೂ ಆಯಿಲ್ ಮೇಲೆ ಬರದಿದ್ದರೆ ಆ ತೂತು ಕಟ್ಟಿಕೊಂಡಿರಬಹುದು. ವೈರಿನ ಒಂದೇ ಒಂದು ತಾಮ್ರದ ಎಳೆ ತೆಗೆದು ಮೆತ್ತಗೆ ಬಿಡಿಸಿ. ಇದು ಕಟ್ಟಿದ್ದರೆ ಏರ್ ಹೋಗುವುದಿಲ್ಲ, ಜೊತೆಗೆ ಲಿವರ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ. ಅಂಥ ಗಾಡಿಯ ಡಿಸ್ಕ್ ಓಡುತ್ತಾ ಓಡುತ್ತಾ ಕಾದು ಕೆಂಡವಾಗುತ್ತದೆ.

ಸಿರಿಂಜಿನಲ್ಲೂ ಎರಡು ಅಪಾಯ ಇವೆ. ಡಬ್ಬಿ ತುಂಬಿ ಉಕ್ಕಿದರೆ ಟ್ಯಾಂಕಿನ ಪೇಂಟ್ ಎದ್ದು ಬರುತ್ತದೆ. ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಮಗ್ ನೀರು ಇಟ್ಟುಕೊಳ್ಳಿ, ಬಿದ್ದ ಕೂಡಲೇ ನೀರು ಹಾಕಿ ತೊಳೆದರೆ ಪೇಂಟ್ ಉಳಿಯುತ್ತದೆ. ಇನ್ನೊಂದು, ಬಿಚ್ಚಿ ತೊಳೆಯದ ಹಳೇ ಬ್ರೇಕಿಗೆ ಹೀಗೆ ಮಾಡಬೇಡಿ. ಕ್ಯಾಲಿಪರಿನ ತಳದ ಕೊಳೆಯೆಲ್ಲ ಮೇಲೆ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ.

ನಾಲ್ಕನೆಯದು ಲಿವರ್ ಕಟ್ಟಿ ರಾತ್ರಿಯಿಡೀ ಬಿಡುವುದು. ಹಳೇ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಲಿವರನ್ನು ಹ್ಯಾಂಡಲ್‌ಗೆ ಬಿಗಿದು, ಬೆಳಗ್ಗೆ ಬಿಚ್ಚುವುದು. ಕೆಲವರು ಇದನ್ನು ನಂಬುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ಒತ್ತಡದಲ್ಲಿ ಗುಳ್ಳೆಗಳು ಚಿಕ್ಕದಾಗಿ, ಅಂಟಿಕೊಂಡ ಜಾಗದಿಂದ ಬಿಟ್ಟು ಮೇಲೆ ಬಂದು ಸೇರುತ್ತವೆ. ಬೆಳಗ್ಗೆ ಲಿವರ್ ಬಿಟ್ಟಾಗ ಆ ಸಣ್ಣ ತೂತಿನಿಂದ ಹೊರಗೆ ಹೋಗುತ್ತವೆ. ಆದರೆ ಇದು ಉಳಿದ ಚೂರುಪಾರು ಏರಿಗೆ ಮಾತ್ರ. ಒಣ ಲೈನಿಗೆ ಇದರಿಂದ ಏನೂ ಆಗುವುದಿಲ್ಲ.

ಹಾಗಾಗಿ ನಾನು ಈಗ ಹಿಡಿದಿರುವ ಕ್ರಮ ಹೀಗಿದೆ. ಸಿರಿಂಜಿನಿಂದ ತುಂಬಿಸುವುದು, ಇಬ್ಬರು ಕೂತು ಲಿವರ್ ಒತ್ತಿ ಸ್ವಲ್ಪ ಆಯಿಲ್ ಬಿಡುವುದು, ರಾತ್ರಿ ಕಟ್ಟಿ ಇಡುವುದು. ನಡುವೆ ಒಂದು ಜಾಗವನ್ನು ಮರೆಯಬಾರದು. ಅದು ಮಾಸ್ಟರ್ ಸಿಲಿಂಡರಿಗೆ ಹೋಸ್ ಸೇರುವ ಬ್ಯಾಂಜೊ ಬೋಲ್ಟ್. ಬಹಳ ಗಾಡಿಗಳಲ್ಲಿ ಲೈನಿನ ಎತ್ತರದ ಜಾಗ ಅದೇ, ಏರ್ ಅಲ್ಲೇ ಅಡಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ, ಡಬ್ಬಿ ಆ ಬೋಲ್ಟಿಗಿಂತ ಮೇಲೆ ಬರುವಂತೆ ಹ್ಯಾಂಡಲ್ ತಿರುಗಿಸಿ, ಲಿವರನ್ನು ಬೆರಳ ತುದಿಯಲ್ಲಿ ಚೂರೇ ಚೂರು ಆಡಿಸಿದರೆ ಡಬ್ಬಿಯಲ್ಲಿ ಗುಳ್ಳೆ ಏಳುತ್ತವೆ. ಆಗಲೂ ಹೋಗದಿದ್ದರೆ ಬೋಲ್ಟಿಗೆ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು, ಬೋಲ್ಟನ್ನು ಚೂರು ಸಡಿಲಿಸಿ ಕೂಡಲೇ ಬಿಗಿ ಮಾಡಿ. ಕೆಳಗೆ ಕ್ಯಾಲಿಪರಿನಲ್ಲೂ ಏರ್ ಹೀಗೇ ಅಡಗುತ್ತದೆ. ನಿಪ್ಪಲ್ ಕ್ಯಾಲಿಪರಿನ ಎತ್ತರದ ತುದಿಯಲ್ಲಿ ಇಲ್ಲದಿದ್ದರೆ ಕ್ಯಾಲಿಪರನ್ನೇ ಬಿಚ್ಚಿ, ಪ್ಯಾಡುಗಳ ನಡುವೆ ಮರದ ತುಂಡು ಇಟ್ಟು, ನಿಪ್ಪಲ್ ಮೇಲೆ ಬರುವಂತೆ ಓರೆಯಾಗಿ ಹಿಡಿದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಲಿವರ್ ಸರಿಯಿಲ್ಲ ಅಂದರೆ ಏರ್ ಅಂತಲೇ ಹಟ ಹಿಡಿಯಬೇಡಿ. ಲಿವರ್ ಗಟ್ಟಿಯಾಗಿ ನಿಂತು, ಒತ್ತಿ ಹಿಡಿದಂತೆ ನಿಧಾನಕ್ಕೆ ಒಳಗೆ ಇಳಿಯುತ್ತಿದ್ದರೆ, ಹೊರಗೆ ಎಲ್ಲೂ ಒದ್ದೆಯೂ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸೋರುತ್ತಿದೆ. ಮೊದಲ ಸಲ ಖಾಲಿ ಹೋಗಿ ಎರಡನೇ ಸಲಕ್ಕೆ ಗಟ್ಟಿ ಸಿಕ್ಕರೆ ಪ್ಯಾಡ್ ಡಿಸ್ಕಿನಿಂದ ದೂರ ಸರಿಯುತ್ತಿದೆ ಅಂತ ಅರ್ಥ ಇರಬಹುದು. ಡಿಸ್ಕ್ ಸೊಟ್ಟಗಿದೆಯಾ, ಕ್ಯಾಲಿಪರ್ ಜಾರುವ ಪಿನ್ನುಗಳು ಸಲೀಸಾಗಿ ಆಡುತ್ತವೆಯಾ ನೋಡಿ. ಲಿವರ್ ಕಲ್ಲಿನಂತಿದ್ದರೂ ಗಾಡಿ ನಿಲ್ಲದಿದ್ದರೆ ಪ್ಯಾಡಿಗೆ ಆಯಿಲ್ ತಾಗಿರುವ ಸಾಧ್ಯತೆ ಜಾಸ್ತಿ. ಅಂಥ ಪ್ಯಾಡನ್ನು ಉಜ್ಜಿ ಬಳಸುವ ಬದಲು ಹೊಸದು ಹಾಕುವುದೇ ಸರಿ.

ಆಯಿಲ್ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದನ್ನೇ ಹಾಕಿ, ಹೊಸದಾಗಿ ಸೀಲ್ ಒಡೆದಿದ್ದು ಇರಲಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎನ್ನುವುದು ನಿಯಮ. ನೀರಿನ ಪಸೆ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡ ಅರ್ಧ ಬಾಟಲಿಯನ್ನು ಶೆಲ್ಫಿನಿಂದ ತೆಗೆದು ಹಾಕಿ ಆಗುಂಬೆ ಘಾಟಿ ಇಳಿಯುವುದು ಬೇಡ. ಡಾಟ್ 5 ಸಿಲಿಕಾನ್ ಆಯಿಲ್, ಡಾಟ್ 4ರ ಜೊತೆ ಬೆರೆಸುವಂತಿಲ್ಲ. ರಬ್ಬರಿಗೆ ಮಾಮೂಲಿ ಗ್ರೀಸ್ ತಾಗಿಸಲೂಬಾರದು, ಸೀಲ್ ಊದಿಕೊಂಡು ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಓಡಿಸುವ ಮೊದಲು ಸ್ಟ್ಯಾಂಡ್ ಮೇಲೆಯೇ ಲಿವರನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿದು, ಬ್ಯಾಂಜೊ ಬೋಲ್ಟುಗಳಿಗೂ ನಿಪ್ಪಲಿಗೂ ಬಿಳಿ ಟಿಶ್ಯೂ ಒತ್ತಿ ನೋಡಿ. ಚೂರು ಪಸೆ ಕಂಡರೂ ತಾಮ್ರದ ವಾಷರ್ ಬದಲಿಸಿ, ಪ್ರತಿ ಬೋಲ್ಟಿಗೆ ಎರಡು ಬೇಕು. ಆಮೇಲೆ ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ, ನಡೆಯುವ ವೇಗದಲ್ಲಿ, ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಮುಂದಿನದನ್ನು ಹಿಡಿದು ನೋಡಿ. ವಾಪಸ್ ಬಂದ ಮೇಲೆ ಅದೇ ಟಿಶ್ಯೂ ಪರೀಕ್ಷೆ ಇನ್ನೊಂದು ಸಲ.