ಸ್ಟಾರ್ಟಪ್ ಹುಡುಕಲು ಝ್ಯಾಪಿಯರ್, ಮೇಕ್, ಎನ್‌8ಎನ್: ನನ್ನ ಓಟು ಮೂರನೆಯದಕ್ಕೆ

ಝ್ಯಾಪಿಯರ್, ಮೇಕ್, ಎನ್‌8ಎನ್ ಮೂರೂ ಬೇರೆ ಬೇರೆ ಜಾಲತಾಣಗಳಿಂದ ಮಾಹಿತಿ ತಂದು, ಸೋಸಿ, ಗೂಗಲ್ ಶೀಟ್‌ನಂಥ ಕಡೆ ಸೇರಿಸುವ ಕೆಲಸವನ್ನು ತಾನಾಗಿ ಓಡಿಸುವ ಸಲಕರಣೆಗಳು. ಕೋಡ್ ಬರೆಯದೆ ಹೊಸ ಕಂಪನಿಗಳ ಮೇಲೆ ಕಣ್ಣಿಡಬೇಕು, ಆಮೇಲೆ ಸಣ್ಣ ಮೊತ್ತ ಹೂಡಬೇಕು ಎನ್ನುವವರಿಗೆ ನಾನು ಹೇಳುವುದು ಎನ್‌8ಎನ್, ಅದೂ ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡದ್ದು. ಮೇಕ್ ನೋಡಲು ಚೆಂದ, ಝ್ಯಾಪಿಯರ್ ಕಲಿಯಲು ಸುಲಭ. ಆದರೆ ಈ ಕೆಲಸದಲ್ಲಿ ಒಳಗೆ ಬರುವ ಸಾಲುಗಳಲ್ಲಿ (ಒಂದೊಂದು ಸುದ್ದಿ ಅಥವಾ ಉತ್ಪನ್ನ ಒಂದು ಸಾಲು) ಬಹುಪಾಲು ಕಸಕ್ಕೇ ಹೋಗುತ್ತವೆ. ಕಸಕ್ಕೂ ತಲೆ ಎಣಿಸಿ ದುಡ್ಡು ಕೇಳುವ ಸಲಕರಣೆ ಇಲ್ಲಿ ಗಿಟ್ಟುವುದಿಲ್ಲ.

ಮೇಕ್‌ನ ಲೆಕ್ಕವನ್ನೇ ನೋಡಿ. ಉಚಿತ ಪ್ಲಾನ್‌ಗೆ ತಿಂಗಳಿಗೆ 1,000 ಕ್ರೆಡಿಟ್. ಒಂದು ಮಾಡ್ಯೂಲ್, ಅಂದರೆ ಕೆಲಸದ ಒಂದು ಹಂತ, ಒಂದು ಸಾಲಿನ ಮೇಲೆ ಓಡಿದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್ ಹೋಯಿತು. ತಂತ್ರಜ್ಞರು ಕೊಂಡಿ ಹಂಚಿಕೊಳ್ಳುವ ಹ್ಯಾಕರ್ ನ್ಯೂಸ್ ತಾಣದಿಂದ 30 ಸಾಲು ತರುತ್ತೀರಿ. ಪ್ರತಿಯೊಂದೂ ಮೊದಲೇ ಬಂದಿತ್ತೇ ಎಂದು ಮೇಕ್‌ನದೇ ಪಟ್ಟಿಯಾದ ಡೇಟಾ ಸ್ಟೋರ್‌ನಲ್ಲಿ ಹುಡುಕಿ, ಹೊಸದಾದರೆ ಅಲ್ಲಿ ಬರೆದು, ಶೀಟ್‌ಗೂ ಸೇರಿಸುತ್ತೀರಿ. ಎಲ್ಲವೂ ಹೊಸದೇ ಆದರೆ ತರುವುದಕ್ಕೆ ಒಂದು, ಉಳಿದದ್ದಕ್ಕೆ 90. ದಿನಕ್ಕೊಮ್ಮೆ ಓಡಿಸಿದರೆ ಹನ್ನೊಂದನೇ ದಿನಕ್ಕೆ ಖಾತೆ ಖಾಲಿ, ಅದೂ ಒಂದೇ ಮೂಲಕ್ಕೆ.

ಝ್ಯಾಪಿಯರ್ ಈ ವಿಷಯದಲ್ಲಿ ಅಂದುಕೊಂಡಷ್ಟು ಕೆಟ್ಟದ್ದಲ್ಲ. ಕೆಲಸ ಶುರು ಮಾಡುವ ಟ್ರಿಗರ್, ಬೇಡದ್ದನ್ನು ಸೋಸುವ ಫಿಲ್ಟರ್ ಎರಡನ್ನೂ ಅದು ಟಾಸ್ಕ್ (ಅವರ ಎಣಿಕೆಯ ಘಟಕ) ಎಂದು ಎಣಿಸುವುದಿಲ್ಲ. ಆದರೆ ಉಚಿತ ಪ್ಲಾನ್‌ನಲ್ಲಿ 100 ಟಾಸ್ಕ್, ಎರಡೇ ಹಂತ. ಟ್ರಿಗರ್ ಒಂದು, ಶೀಟ್ ಒಂದು ಆದರೆ ಫಿಲ್ಟರ್‌ಗೆ ಜಾಗವೇ ಇಲ್ಲ. ದುಡ್ಡು ಕೊಟ್ಟರೂ ಹಳೆಯ ಪಟ್ಟಿಯ ಶೀಟ್‌ನಲ್ಲಿ ಹುಡುಕುವುದೂ ಟಾಸ್ಕ್ ಲೆಕ್ಕಕ್ಕೆ ಬರುತ್ತದೆ. ಎನ್‌8ಎನ್ ನಿಮ್ಮದೇ ಸರ್ವರ್‌ನಲ್ಲಿದ್ದರೆ ಈ ಎಣಿಕೆಯ ಮಾತೇ ಬರುವುದಿಲ್ಲ.

ಈಗ ಮುಖ್ಯ ತಲೆನೋವಿಗೆ ಬರೋಣ: ಒಂದೇ ಕಂಪನಿ ಮೂರು ಕಡೆಯಿಂದ ಮೂರು ವೇಷದಲ್ಲಿ ಬರುತ್ತದೆ. ಹೊಸ ಉತ್ಪನ್ನಗಳನ್ನು ಪರಿಚಯಿಸುವ ಪ್ರಾಡಕ್ಟ್ ಹಂಟ್ ತಾಣದಲ್ಲಿ ಉತ್ಪನ್ನದ ಹೆಸರು, ಸುದ್ದಿಯಲ್ಲಿ ಕಂಪನಿಯ ಹೆಸರು, ಹ್ಯಾಕರ್ ನ್ಯೂಸ್‌ನಲ್ಲಿ ಒಂದು ವಾಕ್ಯ. ಹೆಸರು ಹಿಡಿದು ಹೊಂದಿಸಲು ಹೋದರೆ ಕೆಲಸ ಕೆಟ್ಟಿತು. ನಂಬಬಹುದಾದ ಗುರುತು ಎಂದರೆ ಡೊಮೇನ್ (ಜಾಲತಾಣದ ವಿಳಾಸದ ಮುಖ್ಯ ಭಾಗ) ಮಾತ್ರ, ಅದೂ ಅಂಟಿಕೊಂಡ ಹೆಚ್ಚುವರಿ ಭಾಗಗಳನ್ನು ತೊಳೆದ ಮೇಲೆ.

ತೊಳೆಯುವುದು ಮೂಲಕ್ಕೊಂದು ಥರ. ಕೇಳಿದ ಪದದ ಸುದ್ದಿ ಕಳಿಸುವ ಗೂಗಲ್ ಅಲರ್ಟ್ಸ್ ಅನ್ನು ಇಮೇಲ್ ಬದಲು ಆರ್‌ಎಸ್‌ಎಸ್ ಫೀಡ್ (ಯಂತ್ರ ಓದಬಲ್ಲ ಪಟ್ಟಿ) ಆಗಿ ತೆಗೆದುಕೊಳ್ಳಬಹುದು, ಆದರೆ ಅದರ ಪ್ರತಿ ಕೊಂಡಿಯೂ ಗೂಗಲ್‌ನ ಡೊಮೇನ್‌ನಿಂದಲೇ ಶುರು. ನಿಜವಾದ ವಿಳಾಸ ಅದೇ ಕೊಂಡಿಯೊಳಗೆ ‘url=’ ಎಂಬುದರ ನಂತರ ಕೂತಿರುತ್ತದೆ. ಅದನ್ನು ಕತ್ತರಿಸಿ ತೆಗೆದರೆ ಸಿಗುವುದು ಪತ್ರಿಕೆಯ ವಿಳಾಸ, ಕಂಪನಿಯದಲ್ಲ. ಹಾಗಾಗಿ ಸುದ್ದಿಯ ಸಾಲುಗಳನ್ನು ಬೇರೆ ಶೀಟ್‌ಗೆ ಹಾಕಿ, ಕಂಪನಿಯ ಡೊಮೇನ್ ಅನ್ನು ಕೈಯಿಂದಲೇ ತುಂಬಿ. ಪ್ರಾಡಕ್ಟ್ ಹಂಟ್‌ನ ಎಪಿಐ (ಯಂತ್ರಗಳು ಮಾಹಿತಿ ಕೇಳುವ ಬಾಗಿಲು) ಕೊಡುವ ವೆಬ್‌ಸೈಟ್ ಕೊಂಡಿ ಅವರ ಮೂಲಕವೇ ಸುತ್ತಿ ಹೋಗುತ್ತದೆ. ಎನ್‌8ಎನ್‌ನ ವೆಬ್ ಪುಟ ತರುವ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ (ನೋಡ್ ಎಂದರೆ ಇಲ್ಲಿನ ಒಂದು ಹಂತ) ತಾನಾಗಿ ಈ ಸುತ್ತುದಾರಿಯನ್ನು, ಅಂದರೆ ರೀಡೈರೆಕ್ಟ್ ಅನ್ನು, ಹಿಂಬಾಲಿಸಿ ಪುಟವನ್ನು ತಂದುಕೊಡುತ್ತದೆ, ಆದರೆ ಕೊನೆಯ ವಿಳಾಸ ಏನೆಂದು ಹೇಳುವುದಿಲ್ಲ. ಹಿಂಬಾಲಿಸುವುದನ್ನು ಆಫ್ ಮಾಡಿ, ಹೆಡರ್‌ಗಳನ್ನೂ (ಉತ್ತರದ ಜೊತೆ ಬರುವ ಟಿಪ್ಪಣಿಗಳನ್ನೂ) ಕೊಡು ಎಂಬ ಆಯ್ಕೆ ಆನ್ ಮಾಡಿ, ಮುಂದಿನ ವಿಳಾಸ ಇರುವ ಲೊಕೇಷನ್ ಹೆಡರ್ ಓದಿ. ‘ನೆವರ್ ಎರರ್’ ಸಹ ಆನ್ ಇರಲಿ. ಇಲ್ಲವಾದರೆ ರೀಡೈರೆಕ್ಟ್ ಉತ್ತರವನ್ನೇ ದೋಷವೆಂದು ತಿಳಿದು ಓಟ ನಿಂತುಬಿಡಬಹುದು. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದೆಲ್ಲ ಕತ್ತರಿಸಿ, ಶುರುವಿನ ಮೂರು ಡಬ್ಲ್ಯು ತೆಗೆದು, ಎಲ್ಲ ಸಣ್ಣಕ್ಷರ ಮಾಡಿ.

ಇಷ್ಟಾದ ಮೇಲೂ ಒಂದು ಹೊಂಡ ಉಳಿದಿದೆ. ಹ್ಯಾಕರ್ ನ್ಯೂಸ್‌ನಲ್ಲಿ ತಮ್ಮ ಕೆಲಸ ತೋರಿಸುವ ಬಹಳ ಮಂದಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಕೊಂಡಿಯನ್ನೇ ಹಾಕುತ್ತಾರೆ. ಡೊಮೇನ್ ಒಂದನ್ನೇ ಕೀಲಿ (ಹೊಂದಿಸಿ ನೋಡುವ ಗುರುತು) ಮಾಡಿದ್ದರೆ ಮೊದಲ ಗಿಟ್‌ಹಬ್ ಪ್ರಾಜೆಕ್ಟ್ ಒಳಗೆ ಬಂದು ಉಳಿದವೆಲ್ಲ ‘ಈಗಾಗಲೇ ಇದೆ’ ಎಂದು ಸದ್ದಿಲ್ಲದೆ ಉದುರುತ್ತವೆ. ದೋಷದ ಸಂದೇಶವೂ ಬರುವುದಿಲ್ಲ, ಶೀಟ್ ಸಣ್ಣದಾಗುತ್ತದೆ ಅಷ್ಟೆ. ಗಿಟ್‌ಹಬ್ ಮತ್ತು ಆ್ಯಪಲ್, ಗೂಗಲ್ ಆ್ಯಪ್ ಅಂಗಡಿಗಳಿಗೆ ಪೂರ್ತಿ ವಿಳಾಸ ಇಟ್ಟುಕೊಳ್ಳುವ ಒಂದು ಇಫ್ ನೋಡ್ (ಷರತ್ತು ನೋಡಿ ದಾರಿ ಬೇರೆ ಮಾಡುವ ಹಂತ) ಹಾಕಲೇಬೇಕು. ಆ್ಯಪ್ ಅಂಗಡಿಯ ವಿಳಾಸಕ್ಕೆ ಪ್ರಶ್ನಾರ್ಥಕದ ಕತ್ತರಿ ಬೇಡ; ಗೂಗಲ್ ಪ್ಲೇನಲ್ಲಿ ಆ್ಯಪ್‌ನ ಗುರುತೇ ಅದರ ಆಚೆಗಿರುತ್ತದೆ. ಹಲವರ ತಾಣಗಳಿಗೆ ಜಾಗ ಕೊಡುವ ವರ್ಸೆಲ್‌ನಂಥ ಕಡೆ ಡೊಮೇನ್‌ಗೆ ಮೊದಲು ಬರುವ ಸಬ್‌ಡೊಮೇನ್ ಸಹ ಉಳಿಸಿಕೊಳ್ಳಿ.

ಪುನರಾವರ್ತನೆ ಪೂರ್ತಿ ತೊಲಗಲಿ ಎಂದು ಬಯಸುವುದೂ ಸರಿಯಲ್ಲ. ಒಂದೇ ಮೂಲದಿಂದ ಎರಡನೇ ಸಲ ಬಂದರೆ ಕಸ. ಒಂದೇ ವಾರದಲ್ಲಿ ಬೇರೆ ಬೇರೆ ಮೂಲಗಳಿಂದ ಬಂದರೆ, ನಾವು ಹುಡುಕುತ್ತಿದ್ದದ್ದು ಅದನ್ನೇ. ಆದ್ದರಿಂದ ‘ರಿಮೂವ್ ಡುಪ್ಲಿಕೇಟ್ಸ್’ ನೋಡ್‌ನಲ್ಲಿ ಹಿಂದಿನ ಓಟಗಳನ್ನು ನೆನಪಿಡುವ ಆಯ್ಕೆ ಹಾಕಿ, ಕೀಲಿಯಾಗಿ ಮೂಲ ಮತ್ತು ಡೊಮೇನ್ ಎರಡನ್ನೂ ಸೇರಿಸಿ ಕೊಡಿ. ಡೊಮೇನ್ ಎಷ್ಟು ಮೂಲಗಳಲ್ಲಿ ಬಂತು ಎಂಬುದನ್ನು ಶೀಟ್‌ನ ಎಣಿಸುವ ಸೂತ್ರ ಕೌಂಟ್‌ಇಫ್ ಹೇಳುತ್ತದೆ.

ಟ್ರೆಂಡ್ ವಿಚಾರ. ಗೂಗಲ್ ಟ್ರೆಂಡ್ಸ್ ಜಾಲತಾಣ ಕೊಡುವ 0ರಿಂದ 100ರ ಅಂಕಿ ಹುಡುಕಾಟದ ಸಂಖ್ಯೆಯಲ್ಲ. ನೀವು ಕೇಳಿದ ಅವಧಿಯ ಶಿಖರವನ್ನೇ 100 ಎಂದಿಟ್ಟು ಅಳೆದದ್ದು. ಈ ವಾರದ 80, ಕಳೆದ ತಿಂಗಳು ಇಳಿಸಿಕೊಂಡ 80 ಒಂದೇ ಅಲ್ಲ. ಏರಿಳಿತ ಕಡಿಮೆಯಿರುವ ಪದವೊಂದನ್ನು ಪ್ರತಿಸಲ ಜೊತೆಗೆ ಕೇಳಿ, ಅದರ ಅನುಪಾತವನ್ನು ಬರೆದಿಡಿ. ಗಿಟ್‌ಹಬ್‌ನ ಎಪಿಐ ಇವತ್ತಿನ ಸ್ಟಾರ್ (ಮೆಚ್ಚುಗೆಯ ಗುರುತು) ಎಷ್ಟು ಎಂದು ನೇರವಾಗಿ ಹೇಳುತ್ತದೆ, ವಾರದಲ್ಲಿ ಎಷ್ಟು ಏರಿತು ಎಂದಲ್ಲ. ಶೀಟ್ ನೋಡ್‌ನಲ್ಲಿ ‘ಅಪೆಂಡ್ ಆರ್ ಅಪ್‌ಡೇಟ್’ ಆರಿಸಿದರೆ ಹಳೆಯ ಅಂಕಿ ಅಳಿಸಿಹೋಗುತ್ತದೆ. ಎಣಿಕೆಯ ಶೀಟ್‌ಗೆ ಬರೀ ‘ಅಪೆಂಡ್’, ಅಂದರೆ ಹೊಸ ಸಾಲು ಸೇರಿಸುವುದು ಮಾತ್ರ. ದುಡ್ಡು ಕೊಟ್ಟು ಸ್ಟಾರ್ ಹಾಕಿಸಿಕೊಳ್ಳುವವರೂ ಇದ್ದಾರೆ, ಪಕ್ಕದಲ್ಲಿ ಇಶ್ಯೂಗಳ (ಬಳಕೆದಾರರು ಬರೆದ ದೂರು, ಕೋರಿಕೆಗಳ) ಸಂಖ್ಯೆಯೂ ಇರಲಿ.

ಎನ್‌8ಎನ್‌ನ ಕಿರಿಕಿರಿಗಳನ್ನೂ ಹೇಳಬೇಕು. ಗೂಗಲ್ ಶೀಟ್ ಜೋಡಿಸಲು ಗೂಗಲ್ ಕ್ಲೌಡ್‌ನಲ್ಲಿ ನಿಮ್ಮದೇ ಪ್ರಾಜೆಕ್ಟ್ ಮಾಡಬೇಕು, ಅದು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಉಳಿದರೆ ಏಳು ದಿನಕ್ಕೆ ಟೋಕನ್ (ಒಳಹೋಗುವ ಅನುಮತಿ) ಸಾಯುತ್ತದೆ. ವಾರಕ್ಕೊಮ್ಮೆ ಓಡುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಶತ್ರು ಇಲ್ಲ. ಸರ್ವಿಸ್ ಅಕೌಂಟ್ (ಮನುಷ್ಯರಿಗಲ್ಲದೆ ಪ್ರೋಗ್ರಾಂಗೆ ಮಾಡುವ ಖಾತೆ) ಮಾಡಿ, ಅದರ ಇಮೇಲ್‌ಗೆ ಶೀಟ್ ಅನ್ನು ಎಡಿಟರ್ ಆಗಿ ಹಂಚಿದರೆ ಈ ಕಾಟ ತಪ್ಪಿತು. ಸಮಯ ವಲಯ ಮೊದಲಿಗೆ ನ್ಯೂಯಾರ್ಕ್‌ದು. ಏಷ್ಯಾ ಕೋಲ್ಕತ್ತಾ ಎಂದು ಬದಲಿಸದಿದ್ದರೆ ಬೆಳಗ್ಗೆ ಏಳರ ಪಟ್ಟಿ ಸಂಜೆ ನಾಲ್ಕೂವರೆಗೋ ಐದೂವರೆಗೋ ಬರುತ್ತದೆ. ಎನ್‌8ಎನ್ ಅನ್ನು ಡಾಕರ್‌ನಲ್ಲಿ (ಪ್ರೋಗ್ರಾಂ ಅನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬದಲ್ಲಿ ಓಡಿಸುವ ಸಲಕರಣೆ) ಹಾಕಿದ್ದು, ದತ್ತಾಂಶ ಉಳಿಸುವ ವಾಲ್ಯೂಮ್ ಜೋಡಿಸದೆ ಕಂಟೇನರ್ ಹೊಸದಾಗಿ ಮಾಡಿದರೆ ಪಾಸ್‌ವರ್ಡ್‌ಗಳನ್ನು ತೆರೆಯುವ ಎನ್‌ಕ್ರಿಪ್ಷನ್ ಕೀ ಸಮೇತ ಎಲ್ಲವೂ ಮಂಗಮಾಯ.

ಉಳಿದದ್ದು ಚುಟುಕಾಗಿ. ಪ್ರಾಡಕ್ಟ್ ಹಂಟ್ ಎಪಿಐಯನ್ನು ವ್ಯಾಪಾರಕ್ಕೆ ಬಳಸಲು ಅವರನ್ನು ಕೇಳಬೇಕು. ಲಿಂಕ್ಡ್‌ಇನ್ ಅನ್ನು ಸ್ಕ್ರೇಪ್ ಮಾಡುವುದು (ಪುಟಗಳ ಮಾಹಿತಿಯನ್ನು ಯಂತ್ರದಿಂದ ಕೆರೆದು ತೆಗೆಯುವುದು) ಅವರ ನಿಯಮಕ್ಕೆ ವಿರುದ್ಧ, ಬಿಟ್ಟುಬಿಡಿ. ಎಐ ಹಂತ ಬೇಕಿದ್ದರೆ ವಿವರಣೆ ಕೊಟ್ಟು ಹತ್ತು ವಿಭಾಗಗಳಲ್ಲಿ ಒಂದನ್ನು ಆರಿಸು ಎನ್ನಿ. ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಕೇಳಿದರೆ ಬಾಯಿಗೆ ಬಂದ ಅಂಕಿ ಕೊಟ್ಟೀತು.

ಈ ಮೂಲಗಳಲ್ಲಿ ಸಿಗುವುದು ಹೆಚ್ಚಾಗಿ ಡೆವಲಪರ್ ಟೂಲ್ ಮತ್ತು ಸಾಸ್ (ಚಂದಾಕ್ಕೆ ಸಾಫ್ಟ್‌ವೇರ್ ಕೊಡುವ) ಕಂಪನಿಗಳು. ಹುಬ್ಬಳ್ಳಿಯ ಕೃಷಿ ಯಂತ್ರದ ಸ್ಟಾರ್ಟಪ್ ಹ್ಯಾಕರ್ ನ್ಯೂಸ್‌ಗೆ ಬರುವುದು ಅಪರೂಪ. ಅಂಥವುಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಅನುದಾನ ಗೆದ್ದವರ ಪಟ್ಟಿಯನ್ನು ಕೂತು ಓದುವುದೇ ವಾಸಿ.

ನನ್ನ ಲೆಕ್ಕ ಸೋಮವಾರ ಬೆಳಗ್ಗೆ ಒಂದು ಶೀಟ್, ತಿಂಗಳಿಗೆ ಐನೂರು ರೂಪಾಯಿ ಆಸುಪಾಸಿನ ಸರ್ವರ್, ಅದಕ್ಕೇ ಎನ್‌8ಎನ್. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಪರದೆ) ಕಂಡರೆ ಆಗದು ಎನ್ನುವವರು ಮೇಕ್ ತೆಗೆದುಕೊಂಡು, ವಾರಕ್ಕೊಂದೇ ಓಟ, ಎರಡೇ ಮೂಲ ಇಟ್ಟುಕೊಳ್ಳಿ, 1,000 ಕ್ರೆಡಿಟ್‌ನಲ್ಲಿ ಆರಾಮಾಗಿ ಮುಗಿಯುತ್ತದೆ. ಒಂದೇ ಫೀಡ್ ಫೋನಿಗೆ ಬಂದರೆ ಸಾಕು ಎನ್ನುವವರಿಗೆ ಝ್ಯಾಪಿಯರ್‌ನ ಉಚಿತ ಪ್ಲಾನ್ ಧಾರಾಳ.