ಸೊಳ್ಳೆ ಬತ್ತಿಯೋ, ಜಾಲರಿಯೋ, ಡ್ರಮ್ ತೊಳೆಯುವುದೋ?

ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ದಾವಣಗೆರೆಯಲ್ಲಿ ಇದೇನು ಹೊಸದಲ್ಲ. ಮನೆ ಮುಂದೆ ನೀಲಿ ಡ್ರಮ್ ಇದ್ದೇ ಇರುತ್ತದೆ. ಡೆಂಗಿ ಸೊಳ್ಳೆಗೆ ಅದೇ ತವರು.

ಸೊಳ್ಳೆ ಬತ್ತಿ ಅಗ್ಗ ಅನ್ನಿಸುತ್ತದೆ. ಆದರೆ ದಿನಾ ಸುಡಬೇಕು, ಹೊಗೆ ಕುಡಿಯಬೇಕು. ಮೇಲಾಗಿ ನಾವು ಹಚ್ಚುವುದು ರಾತ್ರಿ, ಈ ಸೊಳ್ಳೆ ಕಚ್ಚುವುದು ಜಾಸ್ತಿ ಹಗಲಲ್ಲಿ.

ಕಿಟಕಿ ಜಾಲರಿಗೆ ಖರ್ಚು ಒಂದೇ ಸಲ. ಬಾಡಿಗೆ ಮನೆಯಾದರೆ ಮಾತ್ರ ಲೆಕ್ಕ ಬೇರೆ: ದುಡ್ಡು ನಿಮ್ಮದು, ಜಾಲರಿ ಮಾಲೀಕರದು.

ಡ್ರಮ್ ತೊಳೆಯಲು ದುಡ್ಡೇ ಬೇಡ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8–10 ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ಸಾಕು. ಸುಮ್ನೆ ನೀರು ಚೆಲ್ಲಿದರೆ ಆಗದು. ಮೊಟ್ಟೆಗಳು ನೀರಿನಂಚಿಗೆ ಡ್ರಮ್ಮಿನ ಒಳಮೈಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ನಾರು ಹಾಕಿ ತಿಕ್ಕಬೇಕು. ತೊಂದರೆ ಏನೆಂದರೆ, ಬೆವರು ನಿಮ್ಮದು, ಲಾಭ ಇಡೀ ಓಣಿಯದು. ಪಕ್ಕದ ಮನೆಯ ಹಳೇ ಟೈರಿನಲ್ಲಿ ನೀರು ನಿಂತಿದ್ದರೆ ನಿಮ್ಮ ಶ್ರಮ ಅರ್ಧ ಹೋಯಿತು. ಅದಕ್ಕೇ ಯಾರೂ ಮೊದಲು ಕೈ ಹಾಕುವುದಿಲ್ಲ, ಅಲ್ವಾ?

ಒಂದೇ ಆರಿಸಿ ಅಂದರೆ ನನ್ನ ಓಟು ಡ್ರಮ್ಮಿಗೆ. ಸ್ವಂತ ಮನೆಯಿದ್ದರೆ ಜಾಲರಿಯೂ ಇರಲಿ. ಟೈರಿನ ಮಾತು ಸಂಜೆ ಪಕ್ಕದವರ ಜೊತೆ ಮಂಡಕ್ಕಿ-ಮಿರ್ಚಿ ಹಿಡಿದು ಕೂತಾಗ ಎತ್ತಿ.