ಬೆಂಜಾಯ್ಲ್ ಪೆರಾಕ್ಸೈಡ್ 2.5% ಜೆಲ್: ಮೊಡವೆಗೆ ಎಷ್ಟು ಉಪಯೋಗ?

ಕೆಂಪಗೆ ಊದಿ ಕೀವು ತುಂಬುವ ಮೊಡವೆಗೆ ಇದು ನಿಜಕ್ಕೂ ಒಳ್ಳೆಯ ಮದ್ದು. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. 10% ಕೊಳ್ಳಬೇಡಿ, 2.5% ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ.

ತೊಳೆದ ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಜೆಲ್ಲನ್ನು ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಸವರಿ. ಎದ್ದ ಗುಳ್ಳೆಗಷ್ಟೇ ಹಚ್ಚಿದರೆ ಪಕ್ಕದಲ್ಲಿ ಹೊಸದು ಏಳುವುದು ತಪ್ಪದು. ಕಣ್ಣು, ತುಟಿಯ ಸುತ್ತ ಬೇಡ. ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ ಸಾಕು, ಮೇಲೆ ಮಾಯಿಶ್ಚರೈಸರ್ ಇರಲಿ. ಚರ್ಮ ಒಣಗಿ ಸಿಪ್ಪೆ ಏಳುವುದು ಸಹಜ. ಮುಖ ಊದಿಕೊಂಡರೆ ಅಲರ್ಜಿ, ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ದಿಂಬಿನ ಕವರ್, ಟವೆಲ್ ಬಿಳಿಯದೇ ಬಳಸಿ. ಬಣ್ಣದ ಬಟ್ಟೆಯನ್ನು ಇದು ಬ್ಲೀಚ್ ಮಾಡಿಬಿಡುತ್ತದೆ, ಆ ಕಲೆ ಹೋಗುವುದಿಲ್ಲ. ಫಲ ಕಾಣಲು 6ರಿಂದ 8 ವಾರ ಬೇಕು. ಅದಕ್ಕೆ ಮೊದಲೇ ಬಿಡಬೇಡಿ.